ಕಾರವಾರದ ಚಾಪೆಲ್ ಮತ್ತು ಜಾಗ ಸಿಗದ ರಂಪಣಿ

ಲಾರಿಗೆ ಆರು ಸಿಲಿಂಡರಿನ ಎಂಜಿನ್ ಸಾಕು. ಈ ಹಡಗಿನದು ಐವತ್ತಾರು ಸಿಲಿಂಡರಿನದು, ಅದೂ ಒಂದಲ್ಲ, ಮೂರು! ಬಂಡಿಗಾಲಿಯ ಅರೆಕಾಲುಗಳ ಹಾಗೆ ನಡುವಿನ ದಂಡದ ಸುತ್ತ ಏಳು ಸಾಲು, ಸಾಲಿಗೆ ಎಂಟು ಸಿಲಿಂಡರ್. ಮೂರೂ ಸೇರಿ 15,000 ಅಶ್ವಶಕ್ತಿ. ಇನ್ನೂರನಲವತ್ತು ಟನ್ ಆಸುಪಾಸಿನ ಹಡಗನ್ನು ಗಂಟೆಗೆ 70 ಕಿ.ಮೀ. ಹತ್ತಿರದ ವೇಗದಲ್ಲಿ ಓಡಿಸಲು ಸೋವಿಯತ್ ಎಂಜಿನಿಯರರು ಹೂಡಿದ ಉಪಾಯ ಇದು. ಕಾರವಾರದ ರವೀಂದ್ರನಾಥ ಟ್ಯಾಗೋರ್ ಕಡಲತೀರದಲ್ಲಿರುವ ಐಎನ್‌ಎಸ್ ಚಾಪೆಲ್ ಹತ್ತಿರ ನನ್ನನ್ನು ಎಳೆದುಕೊಂಡು ಹೋದದ್ದು ಈ ಎಂಜಿನ್ನಿನ ಕಥೆಯೇ.

ಪುಣೆಯಿಂದ ಗೋವೆಗೆ ಬಂದವರು ಗಡಿ ದಾಟಿ ಸ್ವಲ್ಪ ಮುಂದೆ ಬಂದರೆ ಹೆದ್ದಾರಿ ಪಕ್ಕದಲ್ಲೇ ಹಡಗು. ಮಕ್ಕಳಿಗೆ ಎಂಜಿನ್ ಬೇಡ, ಅವರು ಓಡುವುದು ಕ್ಷಿಪಣಿಗಳ ಕಡೆಗೆ. ನಾಲ್ಕು ಸ್ಟಿಕ್ಸ್ ಕ್ಷಿಪಣಿಗಳನ್ನು ಹೊತ್ತು ತಿರುಗುತ್ತಿದ್ದ ನೌಕೆ ಇದು. ‘ಕರಾಚಿಗೆ ಬೆಂಕಿ ಇಟ್ಟದ್ದು ಇದೇ’ ಎಂದು ಅಪ್ಪಂದಿರು ಹೇಳುವುದುಂಟು. ಅಲ್ಲ. 1971ರ ಪಾಕಿಸ್ತಾನದ ಜತೆಗಿನ ಯುದ್ಧದಲ್ಲಿ, ಡಿಸೆಂಬರ್ 4ರ ರಾತ್ರಿ ಕರಾಚಿಯತ್ತ ಹೋದ ಕ್ಷಿಪಣಿ ನೌಕೆಗಳು ನಿಪಾತ್, ನಿರ್ಘಾತ್ ಮತ್ತು ವೀರ್. ಚಾಪೆಲ್ ಅವುಗಳ ತಂಗಿ, ನೌಕಾಪಡೆ ಸೇರಿದ್ದು 1976ರ ನವೆಂಬರ್ 4ರಂದು. 2005ರಲ್ಲಿ ನಿವೃತ್ತಿ, ಮರುವರ್ಷವೇ ವಸ್ತುಸಂಗ್ರಹಾಲಯ. ಯುದ್ಧ ಮಾಡದ ಹಡಗೆಂದು ಯಾರಿಗೂ ನಿರಾಸೆ ಆಗಬೇಕಿಲ್ಲ. ತಲೆ ತಗ್ಗಿಸಿ ಒಳಗೆ ನುಗ್ಗಿದರೆ ಮೂವತ್ತರಷ್ಟು ಮಂದಿ ಇಷ್ಟೇ ಇಷ್ಟು ಜಾಗದಲ್ಲಿ ಹೇಗೆ ಉಂಡು ಮಲಗಿದರೋ ಎನ್ನುವುದು ಪುಸ್ತಕಕ್ಕಿಂತ ಚೆನ್ನಾಗಿ ತಿಳಿಯುತ್ತದೆ. ಆದರೆ ಕಡಲ ಉಪ್ಪುಗಾಳಿಗೆ ನಿವೃತ್ತಿ ಇಲ್ಲ. ಉಕ್ಕನ್ನು ಕೆರೆದು ಬಣ್ಣ ಬಳಿಯುವ ಕೆಲಸ ಮುಗಿಯುವಂಥದ್ದಲ್ಲ.

ಈಚೆಗೆ ಪಕ್ಕಕ್ಕೆ ಟುಪೊಲೆವ್-142 ವಿಮಾನವೂ ಬಂದು ಕೂತಿದೆ. ಹಡಗು ಬಂತು, ವಿಮಾನ ಬಂತು, ದೋಣಿ ಮಾತ್ರ ಬರಲಿಲ್ಲ.

ದೋಣಿ ಎಂದರೆ ರಂಪಣಿಯದು, ದಡದಿಂದ ಎಳೆಯುವ ದೊಡ್ಡ ಬಲೆಯ ಮೀನುಗಾರಿಕೆಯದು. ಬಲೆಯ ಹಗ್ಗದ ಒಂದು ತುದಿ ದಡದಲ್ಲಿ ಬಿಟ್ಟು, ದೋಣಿ ಬಲೆ ಇಳಿಸುತ್ತಾ ಅರ್ಧಚಂದ್ರಾಕಾರವಾಗಿ ಸುತ್ತಿ ಇನ್ನೊಂದು ತುದಿಯನ್ನು ದಡಕ್ಕೆ ತರುತ್ತಿತ್ತು. ಆಮೇಲೆ ಕೇರಿಗೆ ಕೇರಿಯೇ ಎರಡು ಗುಂಪಾಗಿ ನಿಂತು ಎಳೆಯುವುದು. ಕಿಲೋಮೀಟರಿನಷ್ಟು ಉದ್ದದ ಬಲೆ ಒಬ್ಬನ ಸ್ವತ್ತಲ್ಲ. ಮನೆಮನೆಯವರು ಕೊಟ್ಟ ತುಂಡುಗಳನ್ನು ಜೋಡಿಸಿದ್ದು, ಹಾಗಾಗಿ ಬಂಗಡೆ, ತಾರ್ಲೆ ಬಿದ್ದರೆ ಎಲ್ಲರಿಗೂ ಪಾಲು. ಎಪ್ಪತ್ತರ ದಶಕದ ನಡುವಿನಲ್ಲಿ, ಚಾಪೆಲ್ ನೀರಿಗಿಳಿದ ಹೊತ್ತಿಗೇ, ಪರ್ಸೀನ್ ಬಲೆಯ ಯಾಂತ್ರಿಕ ಬೋಟುಗಳು ಈ ಕರಾವಳಿಗೆ ಬಂದವು. ದಡಕ್ಕೆ ಬರುವ ಮೀನನ್ನು ಅವು ಆಳದಲ್ಲೇ ಬಾಚಿದವು. ಕೆಲವೇ ವರ್ಷಗಳಲ್ಲಿ ರಂಪಣಿ ಸೊರಗಿತು. ಇವತ್ತು ಅಲ್ಲೊಂದು ಇಲ್ಲೊಂದು ಕಂಡರೆ ಪುಣ್ಯ.

ದೇಶ ಕಾಯುವ ಹಡಗನ್ನು ಉಳಿಸಿದ್ದು ಸರಿಯೇ. ಊರಿಗೆ ಉಣ್ಣಿಸಿದ್ದನ್ನೂ ಅದರ ಮಗ್ಗುಲಲ್ಲೇ ಇಡಬಹುದಿತ್ತು. ರಂಪಣಿ ಸೊರಗುವ ಮುನ್ನ ಇಪ್ಪತ್ತರ ಹರೆಯದಲ್ಲಿ ಹಗ್ಗ ಎಳೆದ ಖಾರ್ವಿ, ಹರಿಕಂತ್ರ ಮೀನುಗಾರ ಮಂದಿಗೆ ಈಗ ಎಪ್ಪತ್ತರ ಪ್ರಾಯ. ಮೀನಿನ ಹಿಂಡು ಕಂಡಾಗ ದೋಣಿ ಎಷ್ಟು ದೂರ ಹೋಗಿ ತಿರುಗಬೇಕೆಂದು ತೋರಿಸಿ ಹೇಳಬಲ್ಲವರು ಅವರು. ಒಂದು ಚಪ್ಪರ, ಒಂದು ಹಳೇ ದೋಣಿ, ರಜೆಯ ದಿನಗಳಲ್ಲಿ ಮಕ್ಕಳ ಜತೆ ಮಾತಾಡಲು ಅಂಥ ಹಿರಿಯರೊಬ್ಬರು: ಚಾಪೆಲ್ ಪಕ್ಕದ ಮರಳಿನಲ್ಲಿ ಇಷ್ಟಕ್ಕೆ ಜಾಗ ಧಾರಾಳವಾಗಿದೆ.