ಚುರುಮುರಿಯೂ ಕಡಲೆಯೂ: ಹೊಟ್ಟೆಯ ಲೆಕ್ಕ, ರಕ್ತದ ಲೆಕ್ಕ

ರೋಣ, ನರಗುಂದ, ಗಜೇಂದ್ರಗಡ, ಈ ಮೂರು ಊರುಗಳಲ್ಲಿ ಸಂಜೆಯಾಯಿತೆಂದರೆ ಚುರುಮುರಿಯ ಹೊತ್ತಾಯಿತೆಂದೇ ಅರ್ಥ. ಮೈಸೂರಿನ ಕಡೆಯವರು ಕಡಲೆಪುರಿಯೆಂದು ಕರೆಯುವ ಪದಾರ್ಥಕ್ಕೆ ಗದಗು ಜಿಲ್ಲೆಯ ಈ ಎರೆಭೂಮಿಯಲ್ಲಿ ಚುರುಮುರಿಯೆಂದು ಹೆಸರು. ಉಳ್ಳಾಗಡ್ಡಿ, ಹುಣಿಸೆಹುಳಿ, ಬೆಲ್ಲಗಳ ಗೊಜ್ಜಿನಲ್ಲಿ ಅದನ್ನು ಕಲಸಿ, ಮೇಲೆ ಪುಟಾಣಿಹಿಟ್ಟನ್ನು ಉದುರಿಸಿದರೆ ಗಿರ್ಮಿಟ್ಟಾಯಿತು; ಅದರ ಮಗ್ಗುಲಲ್ಲಿ ಬಿಸಿಬಿಸಿಯಾದ ಮಿರ್ಚಿ ಭಜಿ. ಈ ತಿಂಡಿಯ ರುಚಿಯ ವಿಷಯದಲ್ಲಿ ಎರಡು ಮಾತಿಲ್ಲ. ಆದರೆ ಅದರೊಡನೆ ಕೇಳಿಬರುವ ಮಾತೊಂದುಂಟು: “ಚುರುಮುರಿ ಹಗುರ, ಎಷ್ಟು ತಿಂದರೂ ಬಾಧೆಯಿಲ್ಲ.” ಈ ಮಾತನ್ನು ಇಂದು ನಾವು ಸ್ವಲ್ಪ ಒರೆಗೆ ಹಚ್ಚಿ ನೋಡೋಣ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಲಿಯ ಆಶ್ರಯದಲ್ಲಿ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆಯು ನಮ್ಮ ದೇಶದ ಮಧುಮೇಹಿಗಳ ಸಂಖ್ಯೆಯನ್ನು ಹತ್ತು ಕೋಟಿಗೂ ಮಿಗಿಲೆಂದು ಅಂದಾಜು ಮಾಡಿದೆ. ಅಂಥವರಿಗೆ ಇದು ಕೇವಲ ನಾಲಗೆಯ ಪ್ರಶ್ನೆಯಲ್ಲ.

ಮೊದಲು ಚುರುಮುರಿಯ ಹಗುರತನವೆಂದರೇನೆಂಬುದನ್ನು ವಿಚಾರಿಸೋಣ. ಕುದಿಸಿ ಒಣಗಿಸಿದ ಅಕ್ಕಿಯನ್ನು ಕಾದ ಮರಳಿನಲ್ಲಿ ಹುರಿದಾಗ ಕಾಳಿನೊಳಗಿನ ತೇವವು ಥಟ್ಟನೆ ಆವಿಯಾಗಿ ಕಾಳನ್ನು ಅರಳಿಸುತ್ತದೆ. ಗಟ್ಟಿಯಾಗಿದ್ದ ಪಿಷ್ಟವು ಹತ್ತಿಯಂತೆ ಬಿಡಿಬಿಡಿಯಾಗುತ್ತದೆ. ಹೀಗೆ ಬಾಗಿಲು ತೆರೆದುಕೊಂಡ ಪಿಷ್ಟವನ್ನು ಜೀರ್ಣರಸಗಳು ಅತಿ ಶೀಘ್ರವಾಗಿ ಸಕ್ಕರೆಯನ್ನಾಗಿ ಒಡೆಯುತ್ತವೆ. ಕೈಗೆ ಹಗುರವಾದುದು ರಕ್ತಕ್ಕೂ ಹಗುರವಾಗಿರಬೇಕೆಂಬ ನಿಯಮವೇನೂ ಇಲ್ಲ.

ಆಹಾರವು ರಕ್ತದ ಸಕ್ಕರೆಯನ್ನು ಏರಿಸುವ ಪರಿಯನ್ನು ಅಳೆಯಲು ಟೊರಾಂಟೋ ನಗರದ ಡೇವಿಡ್ ಜೆಂಕಿನ್ಸ್ ಎಂಬ ವಿದ್ವಾಂಸರೂ ಅವರ ಸಂಗಡಿಗರೂ 1981ರಲ್ಲಿ ಒಂದು ಅಳತೆಗೋಲನ್ನು ಮುಂದಿಟ್ಟರು. ಅದಕ್ಕೆ ಗ್ಲೈಸೀಮಿಕ್ ಸೂಚ್ಯಂಕವೆಂದು ಹೆಸರು. ಶುದ್ಧ ಗ್ಲೂಕೋಸನ್ನು 100 ಎಂದಿಟ್ಟುಕೊಂಡರೆ 55ರವರೆಗಿನ ಪದಾರ್ಥಗಳು ಮಂದಗತಿಯವು, 70 ಮತ್ತು ಅದಕ್ಕೆ ಮೇಲಿನವು ಶೀಘ್ರಗತಿಯವು. ಅರಳಿಸಿದ ಅಕ್ಕಿಯ ತಿಂಡಿಗಳ ಅಂಕಿಯು 80ನ್ನು ಮೀರುವುದುಂಟು. ಬೇಯಿಸಿದ ಕಡಲೆಯದು 30ರ ಆಸುಪಾಸು. ಶೇಂಗಾದ್ದು ಸುಮಾರು 14. ಒಂದು ಹಿಡಿ ಚುರುಮುರಿಯಲ್ಲಿ ಪಿಷ್ಟದ ಮೊತ್ತವೇ ಅಲ್ಪವೆಂಬುದು ನಿಜ. ಆದರೆ ಹಿಡಿಗೇ ನಿಲ್ಲಿಸುವವರು ಎಷ್ಟು ಮಂದಿ?

ನಿಲ್ಲಿಸಲು ಹೊಟ್ಟೆ ತುಂಬಿದ ಭಾವನೆ ಬರಬೇಕು. ಅದನ್ನು ಅಳೆಯುವ ಪ್ರಯೋಗವೂ ನಡೆದಿದೆ. ಸಿಡ್ನಿ ವಿಶ್ವವಿದ್ಯಾನಿಲಯದ ಸುಸಾನಾ ಹೋಲ್ಟ್ ಮತ್ತು ಸಂಗಡಿಗರು 1995ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ 38 ಪದಾರ್ಥಗಳನ್ನು, ಪ್ರತಿಯೊಂದರಲ್ಲಿಯೂ ಸುಮಾರು 240 ಕ್ಯಾಲೊರಿ ಶಕ್ತಿಯಿರುವಂತೆ ಬಡಿಸಿ, ಎರಡು ಗಂಟೆಗಳ ಕಾಲ ತಿಂದವರ ತೃಪ್ತಿಯನ್ನು ವಿಚಾರಿಸಲಾಯಿತು. ಬಿಳಿಯ ಬ್ರೆಡ್ಡಿಗೆ 100 ಎಂದು ಗೊತ್ತುಮಾಡಿದರೆ ಬೇಯಿಸಿದ ಆಲೂಗಡ್ಡೆಯು 323ನ್ನು ಪಡೆದು ಎಲ್ಲಕ್ಕೂ ಮೇಲೆ ನಿಂತಿತು. ಶೇಂಗಾ 84ಕ್ಕೇ ನಿಂತಿತು. ಇದು ವಿಚಾರಾರ್ಹವಾದ ಸಂಗತಿ. ಆಲೂಗಡ್ಡೆಯು ಹೊಟ್ಟೆಯನ್ನು ತುಂಬಿಸುತ್ತದೆ, ರಕ್ತದ ಸಕ್ಕರೆಯನ್ನೂ ಬೇಗ ಏರಿಸುತ್ತದೆ. ಶೇಂಗಾವು ಸಕ್ಕರೆಯನ್ನು ಅಷ್ಟಾಗಿ ಏರಿಸದು. ಆದರೆ ಅದರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಎಣ್ಣೆಯಿರುವುದರಿಂದ, ತೃಪ್ತಿ ಬರುವುದರೊಳಗೆ ಕ್ಯಾಲೊರಿಗಳು ರಾಶಿ ಬಿದ್ದಿರುತ್ತವೆ. ಆದುದರಿಂದ ಹೊಟ್ಟೆಯ ಲೆಕ್ಕ ಬೇರೆ, ರಕ್ತದ ಲೆಕ್ಕ ಬೇರೆ. ತಿಂಡಿಯನ್ನು ಆರಿಸುವಾಗ ಎರಡನ್ನೂ ನೋಡತಕ್ಕದ್ದು.

ಮಿರ್ಚಿ ಭಜಿಗೂ ಇದೇ ನ್ಯಾಯ. ಅದರ ಹಿಟ್ಟು ಕಡಲೆಯದು. ಎಣ್ಣೆಯು ಜಠರವನ್ನು ನಿಧಾನವಾಗಿ ಬರಿದಾಗಿಸುತ್ತದೆ. ಆ ಕಾರಣ ಸಕ್ಕರೆ ಮೆಲ್ಲಗೆ ಏರುತ್ತದೆ. ಹಾಗೆಂದು ಅದು ಪಥ್ಯವಾಗಲಿಲ್ಲ. ಒಂದು ಗ್ರಾಮು ಪಿಷ್ಟದಲ್ಲಿ 4 ಕ್ಯಾಲೊರಿಯಿದ್ದರೆ ಒಂದು ಗ್ರಾಮು ಎಣ್ಣೆಯಲ್ಲಿ 9 ಇವೆ. ಹೊಲದಲ್ಲಿ ದಿನವೆಲ್ಲ ದುಡಿದವನ ಸ್ನಾಯುಗಳು ಅದನ್ನು ಉರಿಸಿಬಿಡಬಹುದು. ಅಂಗಡಿಯ ಗಾದಿಯ ಮೇಲೆ ಕುಳಿತವರಿಗೂ, ಕಚೇರಿಯ ಗುಮಾಸ್ತರಿಗೂ, ನಮ್ಮಂಥ ಅಧ್ಯಾಪಕರಿಗೂ ಆ ಸೌಕರ್ಯವಿಲ್ಲ. ತಿಂದ ಬಳಿಕ ಕಾಲುಗಂಟೆ ನಡೆದಾಡಿದರೂ ಪ್ರಯೋಜನವುಂಟು. ದುಡಿಯುವ ಸ್ನಾಯುವು ರಕ್ತದಿಂದ ಸಕ್ಕರೆಯನ್ನು ಸೆಳೆದುಕೊಳ್ಳುತ್ತದೆ. ಬೆಲ್ಲವು ಸಕ್ಕರೆಗಿಂತ ನಿರಪಾಯವೆಂಬ ನಂಬಿಕೆಗೂ ಆಧಾರವಿಲ್ಲ. ಎರಡರ ತಿರುಳೂ ಒಂದೇ. ಉಪವಾಸದ ದಿನದ ಸಾಬೂದಾಣಿಯೂ ಬಹುಮಟ್ಟಿಗೆ ಬರಿಯ ಪಿಷ್ಟವೇ ಸರಿ.

ಇಲ್ಲಿ ಒಂದು ಎಚ್ಚರಿಕೆಯನ್ನು ಹೇಳದೆ ಮುಂದುವರಿಯಲಾಗದು. ಇನ್ಸುಲಿನ್ ಚುಚ್ಚಿಸಿಕೊಳ್ಳುವವರಿಗೂ ಕೆಲವು ಬಗೆಯ ಗುಳಿಗೆಗಳನ್ನು ನುಂಗುವವರಿಗೂ ಊಟ ತಡವಾದಾಗ ಸಕ್ಕರೆಯು 70 ಮಿಲಿಗ್ರಾಮಿಗಿಂತ ಕೆಳಗೆ ಇಳಿಯಬಹುದು. ಬೆವರು, ಕೈನಡುಕ, ಎದೆಬಡಿತ, ಮಂಕುತನ ಇವು ಅದರ ಲಕ್ಷಣಗಳು. ಜಾತ್ರೆಯ ನೂಕುನುಗ್ಗಲಿನಲ್ಲಿ ಹೀಗಾದವನ ಕೈಗೆ ಶೇಂಗಾವನ್ನೋ ಕಡಲೆಯನ್ನೋ ಕೊಡುವುದು ತಪ್ಪು. ಮಂದಗತಿಯೆಂಬ ಅವುಗಳ ಗುಣವೇ ಆಗ ದೋಷವಾಗುತ್ತದೆ. ಮೂರು ಚಹಾ ಚಮಚೆಯಷ್ಟು ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಸತಕ್ಕದ್ದು. ಕಾಲುಗಂಟೆಯೊಳಗೆ ಚೇತರಿಸದಿದ್ದರೆ ಮತ್ತೊಮ್ಮೆ ಕುಡಿಸತಕ್ಕದ್ದು. ಎಚ್ಚರ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ಒಯ್ಯಬೇಕು.

ಹಾಗಾದರೆ ದಿನನಿತ್ಯದ ಸಂಜೆಗೆ ಏನು ಮಾಡೋಣ? ಗಿರ್ಮಿಟ್ಟನ್ನು ಬಿಡಬೇಕೆಂದು ನಾವು ಹೇಳುವುದಿಲ್ಲ; ಅದರ ಪ್ರಮಾಣಗಳನ್ನು ತಿರುವುಮುರುವು ಮಾಡಬೇಕೆಂದಷ್ಟೇ ನಮ್ಮ ಸಲಹೆ. ಮುಂಗಾರಿಯಲ್ಲಿ ಹೆಸರು, ಹಿಂಗಾರಿಯಲ್ಲಿ ಕಡಲೆ, ಇವು ಈ ನೆಲದ ಸ್ವಂತ ಬೆಳೆಗಳು. ಇವುಗಳಲ್ಲಿರುವ ಸಸಾರಜನಕವೂ ನಾರೂ ಹೊಟ್ಟೆಯನ್ನು ಬಹಳ ಹೊತ್ತು ತಣಿಸಿ, ಸಕ್ಕರೆಯನ್ನು ತಡೆತಡೆದು ರಕ್ತಕ್ಕೆ ಬಿಡುತ್ತವೆ. ಮನೆಯ ಬೆಳೆಯನ್ನು ಅಲಂಕಾರಕ್ಕೆ ಚಿಟಿಕೆಯಷ್ಟು ಬಳಸಿ, ಅರಳಿಸಿದ ಅಕ್ಕಿಯನ್ನು ತಟ್ಟೆಯ ತುಂಬ ಸುರಿಯುವುದು ವಿಚಿತ್ರವಲ್ಲವೆ? ಬೇಯಿಸಿದ ಕಡಲೆ ಅಥವಾ ಮೊಳಕೆಯ ಹೆಸರು ಒಂದು ಬಟ್ಟಲು, ಹಸಿಯ ಉಳ್ಳಾಗಡ್ಡಿ, ಸೌತೆಕಾಯಿ, ನಿಂಬೆಯ ಹುಳಿ, ಬೇಕಾದರೆ ಹತ್ತಾರು ಶೇಂಗಾಬೀಜ. ಕೊನೆಗೆ ಗರಿಗರಿಗಾಗಿ ಒಂದು ಹಿಡಿ ಚುರುಮುರಿ. ಚುರುಮುರಿಯ ಮೇಲೆ ಕಡಲೆಯನ್ನು ಉದುರಿಸುವುದಕ್ಕೆ ಬದಲಾಗಿ ಕಡಲೆಯ ಮೇಲೆ ಚುರುಮುರಿಯನ್ನು ಉದುರಿಸಿದರೆ ಹೊಟ್ಟೆಯ ಲೆಕ್ಕವೂ ರಕ್ತದ ಲೆಕ್ಕವೂ ಒಂದೇ ತಟ್ಟೆಯಲ್ಲಿ ಸರಿಹೋಗುತ್ತವೆ.