ಹೀಟರು ತರುವ ಮೊದಲು ಹುಳು ಮನೆ ಅಳೆಯಿರಿ

ನಮ್ಮದು ಕೋಲಾರ ಸೀಮೆಯ ಒಣ ಭೂಮಿ. ರಾಗಿ ಜೊತೆಗೆ ಒಂದು ಎಕರೆ ಹಿಪ್ಪುನೇರಳೆ. ಹಳೇ ಹುಳು ಮನೆ 15 ಅಡಿ ಉದ್ದ, 12 ಅಡಿ ಅಗಲ, 9 ಅಡಿ ಎತ್ತರ. ಚಳಿಗಾಲಕ್ಕೆ ಸಾವಿರ ವಾಟಿನ ಒಂದೇ ಹೀಟರು ಸಾಕಾಗುತ್ತಿತ್ತು.

2019ರಲ್ಲಿ ಹೊಸದು ಕಟ್ಟಿಸಿದೆ. 30ಕ್ಕೆ 20 ಅಡಿ, ತಗಡಿನ ಮಾಡು, ಎತ್ತರ 14 ಅಡಿ. ನೆಲ ಮೂರು ಪಟ್ಟು ಚಿಲ್ಲರೆ ಹೆಚ್ಚಾಯ್ತು, ಮೂರು ಹೀಟರು ಇಟ್ಟರಾಯ್ತು ಅಂದುಕೊಂಡೆ. ಡಿಸೆಂಬರ್ ರಾತ್ರಿ ಉಷ್ಣಾಂಶ 20 ಡಿಗ್ರಿ ದಾಟಲೇ ಇಲ್ಲ. ಎರಡನೇ ಜ್ವರ ಎದ್ದ ಹುಳುವಿಗೆ ಬೇಕಾದ್ದು 26. ಸೊಪ್ಪು ಹಾಗೇ ಉಳೀತು, ಮುಂದಿನ ಜ್ವರ ಒಂದೇ ಸಮ ಬರಲಿಲ್ಲ.

ಗಾಬರಿಯಲ್ಲಿ ಕಿಟಕಿ ಮುಚ್ಚಿ ಎರಡು ಇದ್ದಿಲು ಒಲೆ ಇಟ್ಟೆ. ಸೊಪ್ಪು ಹಾಕಲು ಹೋದ ಮನೆಯಾಕೆ ತಲೆ ಸುತ್ತಿ ಕುಸಿದಳು. ಹೊರಗೆ ಎಳೆದು ತಂದ ಮೇಲೆ ಸುಧಾರಿಸಿಕೊಂಡಳು. ಇದ್ದಿಲಿನ ವಿಷಗಾಳಿಗೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ. ಮುಚ್ಚಿದ ಕೋಣೆಯಲ್ಲಿ ಅದು ಬೇಡವೇ ಬೇಡ.

ಆಮೇಲೆ ಲೆಕ್ಕ ಹಾಕಿದೆ. ಉದ್ದ, ಅಗಲ, ಎತ್ತರ ಮೂರನ್ನೂ ಗುಣಿಸಿ ನೋಡಿ. ಹಳೇದು 1620 ಘನ ಅಡಿ, ಹೊಸದು 8400. ಐದು ಪಟ್ಟಿಗೂ ಮೇಲೆ! ಬಿಸಿಗಾಳಿ ಮೇಲಕ್ಕೇ ಏರುತ್ತೆ, ಅಲ್ಲಿ ತಣ್ಣನೆ ತಗಡು ಅದನ್ನು ನುಂಗುತ್ತೆ. ಥರ್ಮಾಮೀಟರನ್ನೂ ನಾನು ಗೋಡೆಯ ಮೇಲ್ಗಡೆ ತೂಗುಹಾಕಿದ್ದೆ. ಕೆಳಗಿನ ಅಂಕಣದ ಚಳಿ ಅದಕ್ಕೇನು ಗೊತ್ತು? ಹುಳುವಿನ ಮಟ್ಟಕ್ಕೇ ಕಟ್ಟಬೇಕು.

ಹೀಟರು ಹೆಚ್ಚಿಸಲಿಲ್ಲ, ಮನೆ ಚಿಕ್ಕದು ಮಾಡಿದೆ. 8 ಅಡಿಗೆ ಪ್ಲಾಸ್ಟಿಕ್ ಹಾಳೆಯ ಚಾವಣಿ, ನಡುವೆ ಒಂದು ಪರದೆ. ಮೂರನೇ ಜ್ವರದ ತನಕ ಅರ್ಧ ಮನೆ ಸಾಕು. ಅದು 2400 ಘನ ಅಡಿ. ಎರಡೇ ಹೀಟರಿಗೆ 26 ನಿಂತಿತು. ಹೀಟರು ಪ್ಲಾಸ್ಟಿಕ್ಕಿನಿಂದ ದೂರವಿರಲಿ. ಹುಳುವೂ ಉಸಿರಾಡಬೇಕು, ಹಗಲು ಬಿಸಿಲೇರಿದಾಗ ಕಿಟಕಿ ತೆರೆಯಿರಿ. ಎರಡು ಸಾವಿರ ವಾಟು ಗಂಟೆಗೆ ಎರಡು ಯೂನಿಟ್ ತಿನ್ನುತ್ತೆ, ಅದೂ ನೆನಪಿರಲಿ. ನಾಲ್ಕನೇ ಜ್ವರ ಎದ್ದ ಮೇಲೆ 24 ಡಿಗ್ರಿ ಸಾಕು, ಆಗ ಇಡೀ ಮನೆಗೆ ಹರಡಬಹುದು.

ಬೇಸಿಗೆಯಲ್ಲಿ ಇದೆಲ್ಲ ತಿರುಗುಮುರುಗು. ಚಾವಣಿ ಹಾಳೆ ಬಿಚ್ಚಿಬಿಡ್ತೀನಿ. ಎತ್ತರವೇ ಆಗ ಅನುಕೂಲ, ಬಿಸಿ ಮೇಲಿನ ಗವಾಕ್ಷಿಯಿಂದ ಹೊರಗೆ ಹೋಗುತ್ತೆ. ತಗಡಿನ ಮೇಲೆ ತೆಂಗಿನ ಗರಿ, ಕಿಟಕಿಗೆ ಒದ್ದೆ ಗೋಣಿ. ಗೋಣಿ ತಂಪು ಒಣ ಗಾಳಿ ಇದ್ದಾಗ ಮಾತ್ರ. ಮಳೆಗಾಲದಲ್ಲಿ ನೆನೆಸಿದರೆ ತೇವ ಹೆಚ್ಚಿ ಸುಣ್ಣಕಟ್ಟು ರೋಗಕ್ಕೆ ದಾರಿ, ಆಗ ನಾನು ಗೋಣಿ ಮಡಿಸಿ ಅಟ್ಟಕ್ಕೆ ಹಾಕ್ತೀನಿ.