ಗೋಸುಂಬೆಯ ಆರೋಗ್ಯ ಮತ್ತು ಆರೈಕೆ

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಭಾಗದ ಶಾಲೆಗಳಲ್ಲಿ ವಿಜ್ಞಾನ ಬೋಧಿಸಿದ ಶಿಕ್ಷಕರಿಗೆ ಪರಿಚಿತವಾದ ದೃಶ್ಯವೊಂದುಂಟು. ಮಳೆಗಾಲ ಮುಗಿಯುವ ದಿನಗಳಲ್ಲಿ ವಿದ್ಯಾರ್ಥಿಯೊಬ್ಬನು ರಟ್ಟಿನ ಪೆಟ್ಟಿಗೆಯನ್ನು ಎದೆಗವಚಿಕೊಂಡು ತರಗತಿಗೆ ಬರುತ್ತಾನೆ. ಒಳಗೆ ಹೊಲದ ಬದುವಿನಲ್ಲಿ ಸಿಕ್ಕ ಹಸಿರು ಗೋಸುಂಬೆ. “ಸಾಕೋಣೇನ್ರಿ ಸರ್? ಏನು ತಿನಸಬೇಕ್ರಿ?” ಎಂಬುದು ಅವನ ಪ್ರಶ್ನೆ.

ಆ ಪ್ರಶ್ನೆಗೆ ಈ ಲೇಖಕನು ಒಮ್ಮೆ ತಪ್ಪು ಉತ್ತರ ಕೊಟ್ಟನು. ಸೇವೆಯ ಆರಂಭದ ವರ್ಷಗಳಲ್ಲಿ ಬೇರೊಂದು ಊರಿನ ಶಾಲೆಯಲ್ಲಿದ್ದಾಗ, ದಸರೆಯ ರಜೆಗೆ ಮೊದಲು ಹುಡುಗರು ತಂದ ಗೋಸುಂಬೆಯನ್ನು ಪ್ರಯೋಗಾಲಯದ ಗಾಜಿನ ಪೆಟ್ಟಿಗೆಯಲ್ಲಿರಿಸಿ, ಬಟ್ಟಲಲ್ಲಿ ನೀರಿಟ್ಟು, ನಾಲ್ಕಾರು ಮಿಡತೆಗಳನ್ನು ಬಿಟ್ಟು, ಕರ್ತವ್ಯ ಮುಗಿಯಿತೆಂದು ತಿಳಿದನು. ನೀರನ್ನು ಅದು ಮುಟ್ಟಲಿಲ್ಲ. ಕಣ್ಣುಗಳು ಗುಳಿಬಿದ್ದವು, ಮೈ ಕಪ್ಪಿಟ್ಟಿತು, ಹಗಲೆಲ್ಲ ಪೆಟ್ಟಿಗೆಯ ಮೂಲೆಯನ್ನು ಉಗುರುಗಳಿಂದ ಕೆರೆಯುತ್ತಲೇ ಇತ್ತು. ಹನ್ನೊಂದನೆಯ ದಿನ ಸತ್ತಿತು. ಪಶುವೈದ್ಯ ಮಿತ್ರರೊಬ್ಬರು ಅದರ ಉದರವನ್ನು ಬಿಡಿಸಿ ನೋಡಿದಾಗ ಒಳಗೆ ತುಂಬ ಮೊಟ್ಟೆಗಳಿದ್ದವು. ಅದು ಕೆರೆಯುತ್ತಿದ್ದುದು ಮಣ್ಣಿಗಾಗಿ ಎಂಬುದು ಆಗ ತಿಳಿಯಿತು. ಅಂಥ ಅಜ್ಞಾನದಿಂದ ಇನ್ನೊಂದು ಜೀವ ಹೋಗದಿರಲೆಂಬುದೇ ಈ ಲೇಖನದ ಉದ್ದೇಶ.

ಪ್ರಾಣಿಯ ಪರಿಚಯ

ಗೋಸುಂಬೆಗೆ ಊಸರವಳ್ಳಿಯೆಂದೂ ಹೆಸರುಂಟು. ಬೇಲಿಯ ಮೇಲೆ ತಲೆ ಕುಣಿಸುತ್ತ ಓಡುವ ಓತಿಕ್ಯಾತವೇ ಬೇರೆ, ಇದೇ ಬೇರೆ. ಜಗತ್ತಿನಲ್ಲಿ ಇನ್ನೂರಕ್ಕೂ ಹೆಚ್ಚು ಜಾತಿಯ ಗೋಸುಂಬೆಗಳಿದ್ದು, ಅವುಗಳಲ್ಲಿ ಸುಮಾರು ಅರ್ಧದಷ್ಟು ಮಡಗಾಸ್ಕರ್ ದ್ವೀಪದವು. ಭಾರತದಲ್ಲಿರುವುದು ಒಂದೇ ಜಾತಿ. 1768ರಲ್ಲಿ ಲಾರೆಂಟಿ ಎಂಬ ಆಸ್ಟ್ರಿಯಾದ ವಿದ್ವಾಂಸನು ಅದಕ್ಕೆ ‘ಕಮೀಲಿಯೊ ಝೈಲಾನಿಕಸ್’ ಎಂದು ನಾಮಕರಣ ಮಾಡಿದನು.

ಎರಡು ಮತ್ತು ಮೂರು ಬೆರಳುಗಳು ಕೂಡಿ ಇಕ್ಕಳದಂತಾದ ಪಾದಗಳು, ಟೊಂಗೆಯನ್ನು ಸುತ್ತಿ ಹಿಡಿಯುವ ಬಾಲ, ಒಂದು ಮುಂದೆ ನೋಡಿದರೆ ಇನ್ನೊಂದು ಹಿಂದೆ ನೋಡಬಲ್ಲ ಕಣ್ಣುಗಳು, ದೂರದ ಹುಳುವನ್ನು ಕ್ಷಣಾರ್ಧದಲ್ಲಿ ಸೆಳೆದುಕೊಳ್ಳುವ ಅಂಟುನಾಲಗೆ: ಇವೆಲ್ಲವೂ ಗಿಡದ ಮೇಲಿನ ಬಾಳಿಗೆಂದೇ ರೂಪುಗೊಂಡ ಅಂಗಗಳು. ಸುತ್ತಲಿನ ಯಾವ ಬಣ್ಣವನ್ನಾದರೂ ಅದು ತಾಳಬಲ್ಲದೆಂಬುದು ತಪ್ಪು ತಿಳಿವಳಿಕೆ. ಬಿಸಿಲು, ಚಳಿ, ಭಯ, ಕೋಪ, ಪ್ರಣಯಗಳಿಗೆ ತಕ್ಕಂತೆ ಅದರ ಬಣ್ಣ ಮಾರ್ಪಡುತ್ತದೆ. ಮಡಗಾಸ್ಕರಿನ ಜಾತಿಯೊಂದನ್ನು ಪರೀಕ್ಷಿಸಿದ ಜಿನೀವಾ ವಿಶ್ವವಿದ್ಯಾಲಯದ ಸಂಶೋಧಕರು, ಚರ್ಮದೊಳಗಿನ ಅತಿಸೂಕ್ಷ್ಮ ಹರಳುಗಳ ನಡುವಣ ಅಂತರ ಹೆಚ್ಚುಕಡಿಮೆಯಾಗುವುದರಿಂದ ಹೀಗಾಗುತ್ತದೆಂದು 2015ರಲ್ಲಿ ತೋರಿಸಿಕೊಟ್ಟರು. ಗೋಸುಂಬೆಗೆ ವಿಷವಿಲ್ಲ. ಅದನ್ನು ಕಂಡಲ್ಲಿ ಕಲ್ಲೆಸೆಯುವುದಕ್ಕೆ ಯಾವ ಆಧಾರವೂ ಇಲ್ಲ.

ಬಂಧನದಲ್ಲಿ ಬರುವ ವ್ಯಾಧಿಗಳು

ಗೋಸುಂಬೆಯ ರೋಗಗಳಲ್ಲಿ ಹೆಚ್ಚಿನವು ನಾವು ಕಟ್ಟಿಕೊಟ್ಟ ಮನೆಯಿಂದಲೇ ಹುಟ್ಟುತ್ತವೆ.

ಮೊದಲನೆಯದು ನಿರ್ಜಲೀಕರಣ. ನಿಂತ ನೀರನ್ನು ಗೋಸುಂಬೆ ಸಾಮಾನ್ಯವಾಗಿ ಗುರುತಿಸುವುದಿಲ್ಲ. ಎಲೆಯ ಮೇಲಿನ ಇಬ್ಬನಿಯನ್ನೂ ಮಳೆಹನಿಯನ್ನೂ ನೆಕ್ಕಿ ದಾಹ ತೀರಿಸಿಕೊಳ್ಳುತ್ತದೆ. ತುಂಬಿದ ಬಟ್ಟಲಿನ ಎದುರಿನಲ್ಲಿಯೇ ಅದು ನೀರಡಿಸಿ ಸಾಯಬಹುದು. ಗುಳಿಬಿದ್ದ ಕಣ್ಣುಗಳು ಇದರ ಲಕ್ಷಣ. ನೀರಿನ ಕೊರತೆ ಬಹುಕಾಲ ನಡೆದರೆ ಮೂತ್ರಪಿಂಡಗಳು ಕೆಡುತ್ತವೆ.

ಎರಡನೆಯದು ಎಲುಬಿನ ರೋಗ. ಬಿಸಿಲಿನ ನೇರಳಾತೀತ ಕಿರಣಗಳು ಮೈಗೆ ತಾಕಿದರೆ ಮಾತ್ರ ಅದರ ಚರ್ಮದಲ್ಲಿ ‘ಡಿ’ ಜೀವಸತ್ವ ಸಾಕಷ್ಟು ಉತ್ಪನ್ನವಾಗಿ, ಸುಣ್ಣದ ಅಂಶ ರಕ್ತಗತವಾಗುತ್ತದೆ. ಕಿಟಕಿಯ ಗಾಜು ಬೆಳಕನ್ನು ಬಿಟ್ಟರೂ ಈ ಕಿರಣಗಳನ್ನು ತಡೆಯುತ್ತದೆ. ಸಾಲದೆಂಬಂತೆ, ಹುಳುಹುಪ್ಪಟೆಗಳಲ್ಲಿ ರಂಜಕ ಹೆಚ್ಚು, ಸುಣ್ಣದ ಅಂಶ ಕಡಿಮೆ. ಪರಿಣಾಮವಾಗಿ ದವಡೆ ಮೆತ್ತಗಾಗುತ್ತದೆ, ಕಾಲುಗಳು ಸೊಟ್ಟಗಾಗುತ್ತವೆ, ಟೊಂಗೆಯ ಹಿಡಿತ ತಪ್ಪುತ್ತದೆ.

ಮೂರನೆಯದು ಮೊಟ್ಟೆಕಟ್ಟು. ಗಿಡ ಬಿಟ್ಟಿಳಿಯಲು ಹಿಂಜರಿಯುವ ಹೆಣ್ಣು ಮೊಟ್ಟೆಯಿಡುವ ಹೊತ್ತಿಗೆ ನೆಲಕ್ಕಿಳಿದು, ಹಸಿ ಮಣ್ಣನ್ನು ತೋಡಿ, ಮೊಟ್ಟೆಗಳನ್ನಿಟ್ಟು ಮುಚ್ಚುತ್ತದೆ. ತೋಡಲು ಮಣ್ಣಿಲ್ಲದಿದ್ದರೆ ಅವುಗಳನ್ನು ಒಡಲಲ್ಲೇ ತಡೆದುಕೊಂಡು ಪ್ರಾಣ ಬಿಡುತ್ತದೆ. ಮೇಲೆ ಹೇಳಿದ ಪ್ರಸಂಗದಲ್ಲಿ ಆದುದು ಇದೇ.

ಇವಲ್ಲದೆ, ಗಾಳಿಯಾಡದ ಪೆಟ್ಟಿಗೆಯಲ್ಲಿ ಶ್ವಾಸಕೋಶದ ಸೋಂಕು ತಗಲುತ್ತದೆ. ಪ್ರಾಣಿ ತಲೆಯೆತ್ತಿ ಬಾಯಿ ತೆರೆದೇ ಉಸಿರಾಡುತ್ತದೆ. ‘ಎ’ ಜೀವಸತ್ವದ ಅಭಾವದಿಂದ ಕಣ್ಣುರೆಪ್ಪೆಗಳು ಊದಿ ಮುಚ್ಚಿಕೊಳ್ಳುತ್ತವೆ. ಬಾಯಿಹುಣ್ಣು ಮತ್ತು ಕರುಳಿನ ಹುಳುಗಳ ಬಾಧೆಯೂ ಉಂಟು. ಗೋಸುಂಬೆ ಏಕಾಂಗಿ ಜೀವಿ. ಗಾಜಿನಲ್ಲಿ ಕಾಣುವ ಪ್ರತಿಬಿಂಬವೂ ಅದಕ್ಕೆ ವೈರಿ. ಕೈಯಲ್ಲಿ ಹಿಡಿದು ಮುದ್ದಿಸುವುದು ನಮಗೆ ಪ್ರೀತಿ, ಅದಕ್ಕೆ ಪ್ರಾಣಭಯ.

ದಿನನಿತ್ಯದ ಆರೈಕೆ

ವಿದೇಶಗಳಲ್ಲಿ ಯೆಮನ್ ಮತ್ತು ಮಡಗಾಸ್ಕರ್ ಮೂಲದ ಜಾತಿಗಳನ್ನು, ಬಂಧನದಲ್ಲಿಯೇ ಹುಟ್ಟಿದ ಮರಿಗಳಿಂದ, ಸಾಕುವ ಪದ್ಧತಿಯಿದೆ. ಅವರು ಪಡುವ ಪಾಡು ಸಾಮಾನ್ಯವಲ್ಲ. ಗಾಳಿಯಾಡುವ ಎತ್ತರದ ಜಾಳಿಗೆಯ ಗೂಡು, ಒಳಗೆ ಜೀವಂತ ಗಿಡ, ಒಂದೆಡೆ ಬಿಸಿ ಇನ್ನೊಂದೆಡೆ ತಂಪು, ನೇರಳಾತೀತ ದೀಪ, ಬೆಳಗು ಸಂಜೆ ಎಲೆಗಳಿಗೆ ನೀರಿನ ತುಂತುರು, ಸುಣ್ಣದ ಅಂಶದ ಪುಡಿ ಲೇಪಿಸಿದ ಹುಳುಗಳು, ಹೆಣ್ಣಿಗೆ ಹಸಿ ಮರಳಿನ ತೊಟ್ಟಿ. ಆ ದೀಪವು ಬೆಳಗುತ್ತಿದ್ದರೂ ಕೆಲವು ತಿಂಗಳುಗಳಲ್ಲಿ ಅದರ ಕಿರಣಶಕ್ತಿ ಕುಂದುವುದರಿಂದ ಬದಲಿಸುತ್ತಲೇ ಇರಬೇಕು. ಇಷ್ಟೆಲ್ಲ ಏರ್ಪಾಡು ಮಾಡಿ ಅವರು ರಚಿಸಲು ಯತ್ನಿಸುವುದಾದರೂ ಏನನ್ನು? ನಮ್ಮ ಹೊಲದ ಬದುವಿನ ಒಂದು ಜಾಲಿಗಿಡವನ್ನು!

ನಮ್ಮ ಗೋಸುಂಬೆಯನ್ನು ಸಾಕುವ ಮಾತೇ ಇಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ರಕ್ಷಿತ ಪ್ರಾಣಿಗಳ ಪಟ್ಟಿಯಲ್ಲಿ ಅದು ಸೇರಿದೆ. ಅದನ್ನು ಹಿಡಿಯುವುದು, ಇಟ್ಟುಕೊಳ್ಳುವುದು, ಮಾರುವುದು ದಂಡನಾರ್ಹ ಅಪರಾಧ. ಪ್ರಯೋಗಾಲಯಕ್ಕೂ ಇದರಿಂದ ವಿನಾಯಿತಿಯಿಲ್ಲ.

ದಾರಿಯಲ್ಲಿ ಸಿಕ್ಕರೆ

ಗೋಸುಂಬೆ ರಸ್ತೆ ದಾಟುತ್ತಿದ್ದರೆ ಅದರ ಮುಂದೆ ಕೋಲನ್ನು ಹಿಡಿಯಬೇಕು, ತಾನಾಗಿಯೇ ಹತ್ತುತ್ತದೆ. ಅದು ಹೊರಟಿದ್ದ ದಿಕ್ಕಿನ ಗಿಡದ ಮೇಲೆಯೇ ಬಿಡಬೇಕು. ಟೊಂಗೆ ಹಿಡಿದಿರುವುದನ್ನು ಜಗ್ಗಿದರೆ ಪಾದಕ್ಕೆ ಪೆಟ್ಟಾಗುತ್ತದೆ. ಗಾಯಗೊಂಡಿದ್ದರೆ, ತೂತು ಮಾಡಿದ ರಟ್ಟಿನ ಪೆಟ್ಟಿಗೆಯಲ್ಲಿ ಎಲೆಯಿರುವ ಟೊಂಗೆಯೊಂದನ್ನಿಟ್ಟು, ಅದರ ಮೇಲೆ ಕೂರಿಸಿ ನೆರಳಿನಲ್ಲಿಡಬೇಕು. ಎಲೆಗೆ ನಾಲ್ಕು ಹನಿ ನೀರು ಚಿಮುಕಿಸಿದರೆ ಸಾಕು, ಬಾಯಿಗೆ ಸುರಿಯಬಾರದು. ದ್ರಾಕ್ಷಿಯ, ಕಬ್ಬಿನ, ತಂಬಾಕಿನ ಹೊಲಗಳಿಂದ ಹಿಡಿದ ಹುಳುಗಳನ್ನು ತಿನ್ನಿಸಲೇಬಾರದು. ಅವುಗಳಲ್ಲಿ ಸಿಂಪಡಿಸಿದ ಕೀಟನಾಶಕವಿರಬಹುದು. ಕೂಡಲೇ ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ತಿಳಿಸಿ, ಪ್ರಾಣಿಯನ್ನು ಸಿಬ್ಬಂದಿಗೆ ಒಪ್ಪಿಸಬೇಕು. ಹುಡುಗನ ಕೈಯಲ್ಲಿ ಸಿಕ್ಕ ಆರೋಗ್ಯವಂತ ಪ್ರಾಣಿಯಾದರೆ, ಅವನೊಡನೆಯೇ ನಡೆದುಹೋಗಿ ಹಿಡಿದ ಗಿಡದ ಮೇಲೆ ಅದೇ ದಿನ ಬಿಟ್ಟುಬರುವುದು ಉಚಿತ. ಅದಕ್ಕಿಂತ ಒಳ್ಳೆಯ ಪಾಠ ಇನ್ನೊಂದಿಲ್ಲ.

ಶಾಲೆ ಮಾಡಬಹುದಾದುದು

ಕೃಷ್ಣೆಯ ನೀರು ಬಂದಲ್ಲೆಲ್ಲ ಕಬ್ಬು ಬೆಳೆದಿದೆ, ಊರುಗಳು ಏಳಿಗೆ ಕಂಡಿವೆ. ಇದು ಸಂತೋಷದ ವಿಷಯ. ಆದರೆ ಬದುಗಳನ್ನು ಸವರಿ ತಂತಿಬೇಲಿ ಹಾಕಿದಲ್ಲಿ ಗೋಸುಂಬೆಗೆ ಹಿಡಿಯಲು ಟೊಂಗೆಯೇ ಉಳಿಯುವುದಿಲ್ಲ. ಜೀವಶಾಸ್ತ್ರ ವಿಭಾಗಕ್ಕೆ ಗಾಜಿನ ಪೆಟ್ಟಿಗೆಗಳನ್ನು ಕೊಡಲು ಇಚ್ಛಿಸುವ ದಾನಿಗಳಲ್ಲಿ ನನ್ನ ವಿನಂತಿಯಿಷ್ಟೆ: ಆ ಹಣದಿಂದ ಶಾಲೆಯ ಆವರಣದ ಒಂದು ಮಗ್ಗುಲಿಗಾದರೂ ಲಕ್ಕಿ, ಮದರಂಗಿ, ಜಾಲಿಗಳ ಸಜೀವ ಬೇಲಿಯನ್ನು ಬೆಳೆಸೋಣ. ಒಕ್ಕಲುತನದಲ್ಲಿರುವ ಹಳೆಯ ವಿದ್ಯಾರ್ಥಿಗಳು ತಮ್ಮ ಹೊಲದಲ್ಲಿ ಒಂದು ಬದುವನ್ನು ಸವರದೆ ಉಳಿಸಲಿ. ಓತಿಕ್ಯಾತಕ್ಕೆ ಬೇಲಿ ಸಾಕ್ಷಿಯೆಂಬ ಗಾದೆಯನ್ನು ನಾವು ಹಾಸ್ಯಕ್ಕೆ ಬಳಸುತ್ತ ಬಂದಿದ್ದೇವೆ. ಬೇಲಿಯೇ ಇಲ್ಲವಾದ ದಿನ, ಇಲ್ಲಿ ಗೋಸುಂಬೆಯೊಂದು ಬಾಳಿತ್ತೆಂಬುದಕ್ಕೆ ಸಾಕ್ಷಿ ಹೇಳುವವರು ಯಾರೂ ಉಳಿಯಲಾರರು.